ಆ ಅವ್ವಗ ಎರಡ ಪುಟ ಸಾಕಾತ್ರಿ

ಹುಬ್ಬಳ್ಳಿಯವರು ಧಾರವಾಡಕ್ಕೆ ಬರುತ್ತಾರೆ, ಧಾರವಾಡದವರು ಹುಬ್ಬಳ್ಳಿಗೆ ಹೋಗುತ್ತಾರೆ. ಆಪ್ತಸಲಹೆಗೆ ನಮ್ಮ ಅವಳಿ ನಗರದ ಪದ್ಧತಿಯೇ ಇದು. ಗುರುತಿನವರ ಕಣ್ಣಿಗೆ ಬೀಳಬಾರದು, ಅಷ್ಟೇ. ಈ ತಾಯಿಯೂ ಚಿಗರಿ ಬಸ್ಸು ಹತ್ತಿ ಬಂದಿದ್ದರು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಮಗ ಪಿಯುಸಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಖಾಕಿ ಬೈಂಡು, ಮೇಲೆ 'ಕೆಮಿಸ್ಟ್ರಿ' ಅಂತ ಲೇಬಲ್ಲು. ಒಳಗೆ ಇಬ್ಬರು ಹೈಸ್ಕೂಲು ಹುಡುಗರ ಪ್ರೀತಿಯ ಇಂಗ್ಲಿಷ್ ಕಾದಂಬರಿ.

"ಇದನ್ನ ಓದೇ ಹಿಂಗಾದ್ನೇನ್ರಿ ಮೇಡಂ? ಡಾಕ್ಟರ್ ಕಡೆ ಕರ್ಕೊಂಡ ಹೋಗ್ಲ್ಯಾ?"

ಇಂಥ ಪುಸ್ತಕವನ್ನೋ ಫೋನನ್ನೋ ಹಿಡಿದು ಬರುವ ತಂದೆತಾಯಿ ಇವರೇ ಮೊದಲಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪುಸ್ತಕ ಓದಿ ಯಾರೂ ಸಲಿಂಗಪ್ರೇಮಿ ಆಗುವುದಿಲ್ಲ. ಗೆಳೆಯನ ಸಲುವಾಗಿ ಓದುವವರಿದ್ದಾರೆ, ಸುಮ್ನೆ ಕುತೂಹಲಕ್ಕೆ ಓದುವವರೂ ಇದ್ದಾರೆ. ಒಂದು ವೇಳೆ ಹಾಗಿದ್ದರೂ ಅದು ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಒಂದೇ ಲಿಂಗದ ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಅಂದಿತು. 'ಬದಲಾಯಿಸುತ್ತೇನೆ' ಅನ್ನುವ ಚಿಕಿತ್ಸೆ ವೈದ್ಯರ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಇದಿಷ್ಟನ್ನೂ ಅವರಿಗೆ ಹೇಳಿದೆ.

"ಇದೆಲ್ಲಾ ಇಂಗ್ಲಿಷಿನವ್ರದು ಬಿಡ್ರಿ" ಅಂದರು. ಇಂಥದೇ ಪ್ರೀತಿಯ ಕಥೆಗಳಿರುವ ವಸುಧೇಂದ್ರ ಅವರ 'ಮೋಹನಸ್ವಾಮಿ' 2013ರಲ್ಲೇ ಕನ್ನಡದಲ್ಲಿ ಬಂದಿದೆ ಅಂದೆ. ಅದು ದೊಡ್ಡವರ ಪುಸ್ತಕ, ನೋವು ಜಾಸ್ತಿ. ಮೊದಲ ದಿನವೇ ಯಾವ ತಾಯಿಯ ಕೈಗೂ ಕೊಡುವುದಿಲ್ಲ ನಾನು. ಮಗನದನ್ನೇ ಓದಿ ಬನ್ನಿ ಅಂದೆ. ಅವನನ್ನು ಕೇಳಿಯೇ ಓದಿ, ಕದ್ದು ಬೇಡ.

ಮೂರು ವಾರ ಬಿಟ್ಟು ಬಂದರು. ತಿಳಿಯದ ಕಡೆ ಫೋನಿನ ಕ್ಯಾಮೆರಾ ಹಿಡಿದು ಕನ್ನಡ ಮಾಡಿಕೊಂಡಿದ್ದರಂತೆ. ಹುಡುಗರ ಬಗ್ಗೆ ಬೈಯುತ್ತಾರೆ ಅಂದುಕೊಂಡಿದ್ದೆ. ಅವರ ಸಿಟ್ಟು ಇದ್ದದ್ದು ಕಾದಂಬರಿಯ ಹುಡುಗನ ತಾಯಿಯ ಮೇಲೆ.

"ಆ ಅವ್ವಗ ಎರಡ ಪುಟ ಸಾಕಾತ್ರಿ. ಮಗ ಹೇಳಿದ, ಆಕಿ ತೆಕ್ಕಿಗೆ ತಗೊಂಡ್ಳು, ಮುಗೀತು. ನನಗ ಅಷ್ಟ ಲಗೂನ ಆಗೂದಿಲ್ರಿ. ಹಂಗಾರ ನಾ ಕೆಟ್ಟಾಕಿ ಏನ್ರಿ?"

ನನ್ನ ಬಳಿ ತಯಾರಾದ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆ ಪುಟಕ್ಕೆ ಅವರು ಗುರುತಿಗೆ ನೀಲಿ ನೂಲು ಇಟ್ಟಿದ್ದರು. ಹೊಲಿಗೆಯದೇ, ತುದಿಯಲ್ಲಿ ಗಂಟು. ಮಗ ನೂಲು ನೋಡಿದನಾ ಅಂತ ಕೇಳಿದೆ.

"ನೋಡ್ಯಾನ್ರಿ. 'ಆ ಪುಟ ನನಗೂ ಸುಳ್ಳ ಅನಸ್ತಬೇ' ಅಂದ."

ತಾಯಿ ಮಗ ಇಬ್ಬರೂ ಒಂದೇ ಪುಟವನ್ನು ನಂಬಿರಲಿಲ್ಲ! ಹಾಗಾದರೆ ಅವನೂ ನಿಮ್ಮಿಂದ ಎರಡೇ ಪುಟದಲ್ಲಿ ಏನನ್ನೂ ಬಯಸುತ್ತಿಲ್ಲ ಅಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

ಆಮೇಲೆ ಸಲಹೆ ಕೊಟ್ಟೆ. 'ನೀ ಹಂಗ ಅದೀ ಏನು' ಅಂತ ಕೇಳಬೇಡಿ. ಆ ಪುಸ್ತಕದ ಮಂದಿಯ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ. ಅವನ ಅಪ್ಪನಿಗೆ ಹೇಳುವುದಿದ್ದರೆ ಅದು ಅವನೇ ಹೇಳಬೇಕಾದ ಮಾತು. ನೀವು ಮುಂದಾಗಬೇಡಿ. ಅವನು ಊಟ ಬಿಟ್ಟರೆ, ಬದುಕು ಸಾಕು ಅನ್ನುವ ಮಾತಾಡಿದರೆ ಮಾತ್ರ ತಡಮಾಡದೆ ಕರೆತನ್ನಿ.

ಹುಡುಗನನ್ನೇ ಕರೆಸಿ ನೇರ ಕೇಳಬೇಕಿತ್ತು ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪ ಮಾಡಿದರು. ಕೇಳಬಹುದಿತ್ತು. ಆದರೆ ಹದಿನೇಳರ ಹುಡುಗ ಇನ್ನೂ ತನಗೇ ಹೇಳಿಕೊಂಡಿರದ ಮಾತನ್ನು ನನ್ನ ಮೇಜಿನ ಮುಂದೆ ಕಕ್ಕಿಸಿದರೆ ಯಾರಿಗೆ ಲಾಭ? ನನ್ನ ಫೈಲಿಗೆ ಅಷ್ಟೇ. ಅವನು ಬೈಂಡು ಹಾಕಿದ್ದೇ ಅದಕ್ಕೆ ಅಲ್ವಾ?

ಮೂರನೇ ಸಲ ಬಂದಾಗ ನೀಲಿ ನೂಲು ಬೇರೆ ಪುಟದಲ್ಲಿತ್ತು. ಇಬ್ಬರು ಹುಡುಗರು ಜಗಳ ಮಾಡಿಕೊಂಡು ಮಾತು ಬಿಟ್ಟ ಪುಟ.

"ನಾ ಇಟ್ಟಿಲ್ರಿ" ಅಂದರು. "ಇವತ್ತ ರಾತ್ರಿ ಓದ್ತೀನಿ."