ಚಾಲಕನ ಸೀಟಿನಿಂದ: ಮುಳ್ಳೇರಿಯದ ಆಲ್ಟೋ ಬೆಂಗಳೂರಿಗೆ

ಪ್ರಶ್ನೆ: ನಾನು ನಿವೃತ್ತ ಶಾಲಾ ಮಾಷ್ಟ್ರು. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಒಟ್ಟಿಗೆ ಓದಿದ ಮೂವರು ಗೆಳೆಯರು ಬೆಂಗಳೂರಿನಲ್ಲಿದ್ದಾರೆ. ಒಬ್ಬ ರಾಜರಾಜೇಶ್ವರಿ ನಗರ, ಒಬ್ಬ ಮಲ್ಲೇಶ್ವರ, ಇನ್ನೊಬ್ಬ ವೈಟ್‌ಫೀಲ್ಡ್. ಹೆಂಡತಿಯನ್ನು ಕರೆದುಕೊಂಡು ನಮ್ಮ ಹಳೆಯ ಆಲ್ಟೋದಲ್ಲೇ ಹೋಗುವ ಆಸೆ. ಬೆಳಗಿನ ಜಾವ ಹೊರಟು ಸಂಜೆಗೆ ಒಬ್ಬನ ಮನೆ, ಮರುದಿನ ಇನ್ನಿಬ್ಬರ ಮನೆ ಮುಗಿಸಿ ರಾತ್ರಿಯೇ ಹಿಂದೆ ಬರುವ ಅಂದಾಜು. ಶಿರಾಡಿಯೋ, ಮಡಿಕೇರಿಯೋ? ಕೇರಳದ ನಂಬರಿಗೆ ಅಲ್ಲಿ ಕಿರಿಕಿರಿ ಉಂಟಾ? ಬಸ್ಸಿನಲ್ಲಿ ಹೋಗಿ ಎಂದು ಮಗ ಹಟ ಹಿಡಿದಿದ್ದಾನೆ.
(ಓದುಗರು, ಮುಳ್ಳೇರಿಯ, ಕಾಸರಗೋಡು ಜಿಲ್ಲೆ)

ಉತ್ತರ: ಮಾಷ್ಟ್ರೇ, ಮಗ ಹೇಳಿದ್ದು ತಪ್ಪಲ್ಲ. ಆದರೆ ಮೂವತ್ತೊಂದು ವರ್ಷ ಬಸ್ಸಿನ ಸ್ಟಿಯರಿಂಗ್ ಹಿಡಿದ ನಾನೇ ಹೇಳುತ್ತೇನೆ, ಕಾರಿನಲ್ಲೇ ಹೋಗಿ. ಬಸ್ಸು ನಿಮಗೆ ಬೇಕಾದಲ್ಲಿ ನಿಲ್ಲುವುದಿಲ್ಲ. ಆ ರಾತ್ರಿಯೇ ಹಿಂದೆ ಬರುವ ಅಂದಾಜನ್ನು ಮಾತ್ರ ಈಗಲೇ ಬಿಡಿ. ಎರಡು ದಿನದ ಪ್ರಯಾಣ ಅಲ್ಲ ಇದು, ಐದು ದಿನದ್ದು.

ದಾರಿ ಮಡಿಕೇರಿಯದ್ದೇ. ಶಿರಾಡಿ ಅಗಲ ಹೌದು, ಆದರೆ ಮಂಗಳೂರು ಬಂದರಿನ ಲಾರಿ, ಗ್ಯಾಸ್ ಟ್ಯಾಂಕರ್ ಎಲ್ಲ ಅದರಲ್ಲೇ. ಟ್ಯಾಂಕರಿನ ಹಿಂದೆ ಆಲ್ಟೋ ಸಿಕ್ಕಿಕೊಂಡರೆ ಹೊಗೆ ಕುಡಿಯುತ್ತಾ ಎರಡನೇ ಗೇರಿನಲ್ಲಿ ಸಕಲೇಶಪುರ ಕಾಣಬೇಕು. ನೀವು ಆರು ಗಂಟೆಗೆ ಹೊರಟು ಆದೂರು, ಜಾಲ್ಸೂರು ದಾಟಿ ಸುಳ್ಯ ಹಿಡಿಯಿರಿ. ಪೆಟ್ರೋಲು ಸುಳ್ಯದಲ್ಲೇ ತುಂಬಿಸಿ. ನಮ್ಮ ಕಡೆಗಿಂತ ಅಲ್ಲಿ ಅಗ್ಗ ಎಂದು ಗಡಿಯ ಮಕ್ಕಳಿಗೂ ಗೊತ್ತು, ನಿಮಗೆ ನಾನು ಹೇಳಬೇಕಾಗಿಲ್ಲ.

ಸಂಪಾಜೆ ಘಾಟಿಯಲ್ಲಿ ಹಳೇ ಡ್ರೈವರುಗಳ ಒಂದೇ ಲೆಕ್ಕ: ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಬ್ರೇಕನ್ನು ತುಳಿದುಕೊಂಡೇ ಇಳಿದರೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಬ್ರೇಕೇ ಹಿಡಿಯುವುದಿಲ್ಲ. ಇಕ್ಕಟ್ಟಿನಲ್ಲಿ ಮೇಲೆ ಹತ್ತಿ ಬರುವವನಿಗೆ ದಾರಿ ಬಿಡಬೇಕು, ಇದು ಮರ್ಯಾದೆ ಮಾತ್ರ ಅಲ್ಲ, ಕಾನೂನೂ ಹೌದು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಂತೂ ಬೇಡವೇ ಬೇಡ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನಲ್ಲಿ ಗುಡ್ಡವೇ ರಸ್ತೆಗೆ ಇಳಿದದ್ದು ನೆನಪಿರಬಹುದು. ಅಕ್ಟೋಬರಿನಲ್ಲಿ ಹೋಗುವುದಾದರೆ ತಲಕಾವೇರಿಯ ತುಲಾ ಸಂಕ್ರಮಣ, ಮೈಸೂರಿನ ದಸರೆ ಎರಡನ್ನೂ ಕ್ಯಾಲೆಂಡರಿನಲ್ಲಿ ನೋಡಿಯೇ ಹೊರಡಿ. ಇಲ್ಲದಿದ್ದರೆ ರೂಮು ಸಿಗದೆ ಕಾರಿನಲ್ಲೇ ಮಲಗುವಿರಿ.

ಒಂಬತ್ತಕ್ಕೆ ಮಡಿಕೇರಿಯಲ್ಲಿ ತಿಂಡಿ. ಆಮೇಲೆ ಕುಶಾಲನಗರ, ಹುಣಸೂರು, ಮೈಸೂರು. ಆ ರಾತ್ರಿ ಮೈಸೂರಿನಲ್ಲೇ ನಿಲ್ಲಿ. ಸಂಜೆ ಬೆಂಗಳೂರಿನ ಬಾಗಿಲಿಗೆ ಹೋಗಿ ನಿಂತವನು ಅಲ್ಲೇ ನಿಂತಿರುತ್ತಾನೆ. ಮರುದಿನ ಬೆಳಿಗ್ಗೆ ಎಕ್ಸ್‌ಪ್ರೆಸ್‌ವೇ ಹತ್ತಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ರಸ್ತೆ, ಗಂಟೆಗೆ 100 ಕಿ.ಮೀ. ಮೀರುವ ಹಾಗಿಲ್ಲ, ಕ್ಯಾಮರಾ ಇದೆ. ನಿಮ್ಮ ಆಲ್ಟೋಗೆ 80 ಸಾಕು, ಎಡಗಡೆಯಲ್ಲೇ ಹೋಗಿಕೊಂಡಿರಿ. ಈ ರಸ್ತೆ ಯಾವ ಊರಿನ ಒಳಗೂ ಹೋಗುವುದಿಲ್ಲ. ಮೊದಲು ಬಸ್ಸು ನಿಂತ ಕೂಡಲೇ ಕಿಟಕಿಗೆ ಮದ್ದೂರು ವಡೆಯ ಬುಟ್ಟಿ ಬರುತ್ತಿತ್ತು. ಈಗ ವಡೆ ಬೇಕಾದರೆ ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿಯಬೇಕು. ಇಳಿಯಿರಿ, ಹತ್ತು ನಿಮಿಷ ಹೋದರೆ ಹೋಗಲಿ.

ನಿಮ್ಮ ಪುಣ್ಯಕ್ಕೆ ರಾಜರಾಜೇಶ್ವರಿ ನಗರದವರು ಮೈಸೂರು ರಸ್ತೆಯ ಮಗ್ಗುಲಲ್ಲೇ ಇದ್ದಾರೆ. ಕಾರನ್ನು ಅವರ ಗೇಟಿನೊಳಗೆ ಹಾಕಿ ಬೀಗದ ಕೈ ಗೋಡೆಯ ಮೊಳೆಗೆ ನೇತುಹಾಕಿ. ಹೊರಡುವ ದಿನದವರೆಗೆ ಅದನ್ನು ಮುಟ್ಟಬೇಡಿ. ಡ್ರೈವರನಾಗಿ ನಾನು ಹೀಗೆ ಹೇಳುವುದು ಬಸ್ಸಿನ ಜಾತಿಗೇ ದ್ರೋಹ, ಆದರೂ ಹೇಳುತ್ತೇನೆ: ಅಲ್ಲಿ ಮೆಟ್ರೋ ಹತ್ತಿ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಸುಮಾರು 43 ಕಿ.ಮೀ. ಒಂದೇ ಗೆರೆ. ರಾಜರಾಜೇಶ್ವರಿ ನಗರದಲ್ಲಿ ಕೂತರೆ ಬದಲಾಯಿಸದೆ ವೈಟ್‌ಫೀಲ್ಡಿನಲ್ಲಿ ಇಳಿಯಬಹುದು. ಮಲ್ಲೇಶ್ವರಕ್ಕಾದರೆ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ದಾಟಿ ಸಂಪಿಗೆ ರಸ್ತೆ ಸ್ಟೇಷನ್. ಒಂದು ದಿನಕ್ಕೆ ಒಂದೇ ಮನೆ. ಎರಡು ಮನೆ ಎಂದರೆ ಎರಡು ಕಡೆಯೂ ಚಾ ಕುಡಿದು ಗಡಿಯಾರ ನೋಡಿದ್ದೇ ಆಗುತ್ತದೆ.

ಗಂಟಿನ ವಿಷಯ ನೀವು ಕೇಳಲಿಲ್ಲ, ಆದರೆ ನಿಮ್ಮ ಮನೆಯವರು ಈಗಲೇ ಕಟ್ಟಲು ಶುರುಮಾಡಿರುತ್ತಾರೆ. ಹಲಸಿನ ಹಪ್ಪಳ, ಮಾಂಬಳ, ಬಾಳ್ಕ ಮೆಣಸು ಎಷ್ಟು ಬೇಕಾದರೂ ಹೇರಿ. ಉಪ್ಪುಸೊಳೆ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಅದೊಂದು ಮಾತ್ರ ಎಚ್ಚರ. ಒಮ್ಮೆ ಬೆಂಗಳೂರಿನ ಗೆಳೆಯನಿಗೆಂದು ಭಾವನ ಓಮ್ನಿಯಲ್ಲಿ ಒಂದು ಡಬ್ಬಿ ಉಪ್ಪುಸೊಳೆ ಇಟ್ಟುಕೊಂಡು ಹೋಗಿದ್ದೆ. ಸಂಪಾಜೆಯ ಮೂರನೇ ತಿರುವಿನಲ್ಲಿ ಮುಚ್ಚಳ ಹಾರಿತು. ಉಪ್ಪುನೀರು ಸೀಟಿನ ಕೆಳಗೆ ಹರಿದು, ಮ್ಯಾಟಿನ ಅಡಿಗೆ ನುಗ್ಗಿ, ಹುಳಿವಾಸನೆ ಮಡಿಕೇರಿ ಬರುವಷ್ಟರಲ್ಲಿ ಅಂಗಿಗೂ ಹಿಡಿಯಿತು. ಭಾವ ಆರು ತಿಂಗಳು ನನ್ನನ್ನು ನೋಡಿದ ಕೂಡಲೇ ಮೂಗು ಮುಚ್ಚಿಕೊಳ್ಳುತ್ತಿದ್ದ. ಗೆಳೆಯ ಮಾತ್ರ ಡಬ್ಬಿಯ ತಳದಲ್ಲಿ ಉಳಿದ ಹತ್ತು ಹನ್ನೆರಡು ಸೊಳೆಯನ್ನು ನೀರಲ್ಲಿ ನೆನೆಹಾಕಿ, ಹೆಂಡತಿಗೂ ಕೊಡದೆ, ತಾನೇ ಪಲ್ಯ ಮಾಡಿ ತಿಂದ. ಹಾಗಾಗಿ ಬಿಟ್ಟು ಹೋಗಿ ಎನ್ನಲಾರೆ. ನೀರು ಸೋಸಿ, ಎರಡು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ, ಬಕೆಟಿನೊಳಗೆ ಇಟ್ಟು ಒಯ್ಯಿರಿ.

ಇನ್ನು ನಿಮ್ಮ ಕಾರಿನ ಕೆಎಲ್ 14 ನಂಬರಿನ ವಿಷಯ. ಐದು ದಿನಕ್ಕೆ ಹೋಗಿ ಬರುವ ಸ್ವಂತ ಕಾರಿಗೆ ಅಲ್ಲಿ ತೆರಿಗೆಯೇನೂ ಇಲ್ಲ. ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟು ಸರಿ ಇದ್ದರೆ ಆಯಿತು. ಕಿರಿಕಿರಿ ಬೇರೆ ಥರದ್ದು. ಗಾಂಧಿಬಜಾರಿನಲ್ಲಿ ದೋಸೆ ತಿನ್ನಲು ಹೋದಾಗ ಪಾರ್ಕಿಂಗಿನ ಹುಡುಗ ನಂಬರು ನೋಡಿ, "ಚೇಟಾ, ಇವಿಡೆ ವೇಂಡ" (ಅಣ್ಣಾ, ಇಲ್ಲಿ ಬೇಡ) ಎಂದು ಮಲಯಾಳದಲ್ಲಿ ಅಂದ. "ಮತ್ತೆ ಎಲ್ಲಿ ನಿಲ್ಲಿಸುವುದು ಮಾರಾಯ?" ಎಂದು ಕೇಳಿದೆ. ಅವನಿಗೆ ಖುಷಿಯೋ ಖುಷಿ. "ಕನ್ನಡ ಚೆನ್ನಾಗಿ ಕಲ್ತಿದ್ದೀರ ಸಾರ್!" ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಶುರುಮಾಡಿ ಎಲ್ಲ ಹೇಳಿಬಿಡುವ ಎಂದು ಬಾಯಿ ತೆರೆದೆ, ಹಿಂದಿನಿಂದ ನಾಲ್ಕು ಕಾರು ಹಾರ್ನ್ ಹೊಡೆಯುತ್ತಿದ್ದವು. ನೀವು ಮಾಷ್ಟ್ರು, ಪಾಠ ಮಾಡದೆ ಇರಲಾರಿರಿ. ಕಾರನ್ನು ಬದಿಗೆ ಹಾಕಿಯೇ ಶುರುಮಾಡಿ. ಅಂದಹಾಗೆ ಗಾಂಧಿಬಜಾರಿನ ವಿದ್ಯಾರ್ಥಿ ಭವನ ಹೋಟೆಲಿಗೆ ಮೂವರು ಗೆಳೆಯರನ್ನೂ ಒಟ್ಟಿಗೆ ಕರೆಯುವುದಾದರೆ ಶುಕ್ರವಾರ ಬೇಡ, ಅಂದು ರಜೆ.

ಪ್ರಶ್ನೆ: ಘಾಟಿ ಹತ್ತುವಾಗ ನನ್ನ ಗಂಡನಿಗೆ ವಾಂತಿ. ಮಾತ್ರೆ ಬೇಡವೆನ್ನುತ್ತಾರೆ. ಏನು ಮಾಡಲಿ?
(ಓದುಗರು, ಪೆರ್ಲ)

ಉತ್ತರ: ಕಾರಿಗೆ ಕಾರು ಎಂದು ಹೆಸರಿಟ್ಟವರು ಘಾಟಿಯಲ್ಲಿ ಕಾರಿದವರೇ ಇರಬೇಕು ಅಕ್ಕ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಹೊಟ್ಟೆ ಬಿರಿಯುವಷ್ಟು ತಿನ್ನಿಸಬೇಡಿ, ಪೂರ್ತಿ ಖಾಲಿಯೂ ಬೇಡ. ಕಿಟಕಿ ಸ್ವಲ್ಪ ತೆರೆದಿರಲಿ, ಕಣ್ಣು ದೂರದ ರಸ್ತೆಯ ಮೇಲಿರಲಿ. ಮೊಬೈಲನ್ನು ಕಸಿದು ನಿಮ್ಮ ಬ್ಯಾಗಿಗೆ ಹಾಕಿಕೊಳ್ಳಿ. ಇಷ್ಟಕ್ಕೂ ಬಗ್ಗದಿದ್ದರೆ ಅವರಿಗೆ ಸ್ಟಿಯರಿಂಗನ್ನೇ ಕೊಡಿ. ಓಡಿಸುವವನಿಗೆ ವಾಂತಿ ಬಂದದ್ದನ್ನು ನಾನು ಈವರೆಗೆ ಕಂಡಿಲ್ಲ.