ಮಗನ ಮಣಿಕಟ್ಟಿಗೆ ಚಕ್ರದ ಆಸರೆ: ತರಿಸಲೋ, ಮಾಡಿಸಲೋ?

ಏಳನೇ ಕ್ಲಾಸಿನ ಹುಡುಗ, ಎರಡು ಪುಟಕ್ಕೇ ಕೈನೋವು, ಸಾಲು ಬಿಟ್ಟು ಓಡುವ ಅಕ್ಷರ. ಮಣಿಕಟ್ಟಿಗೆ ಪಟ್ಟಿ ಕಟ್ಟಿ ಹಳಿಯ ಮೇಲೆ ಜಾರಿಸುವ ಸಾಧನವೊಂದನ್ನು ಆನ್‌ಲೈನಿನಲ್ಲಿ ನೋಡಿ, ತರಿಸಲೋ ಶಿರಾದಲ್ಲೇ ಬಡಗಿ ಕೈಲಿ ಮಾಡಿಸಲೋ ಅಂತ ಕೇಳಿದ್ದೀರಿ. ಮೇಡಂ, ನಿಮ್ಮ ಪ್ರಶ್ನೆ ಓದುವಾಗಲೇ ನನ್ನ ಕಣ್ಣಮುಂದೆ ಒಂದು ಬೇವಿನ ಹಲಗೆ ಬಂದು ನಿಂತಿತು. ತುಮಕೂರಿನಲ್ಲಿ ಮರಗೆಲಸ ಮಾಡುವವನು ನಾನು. ಅಕ್ಕನ ಮಗನಿಗಾಗಿ ಇಂಥದ್ದನ್ನೇ ಮಾಡಿದ್ದೆ, ಹಳಿಯ ಬದಲು ಚಕ್ರ ಹಾಕಿ.

ಒಂಬತ್ತು ಇಂಚು ಉದ್ದ, ಮೂರು ಇಂಚು ಅಗಲದ ಹಲಗೆ, ದಪ್ಪ 18 ಮಿಲಿಮೀಟರ್. ಅಡಿಗೆ ನಾಲ್ಕು ಮೂಲೆಗೆ ನಾಲ್ಕು ಉಕ್ಕಿನ ಗುಂಡಿನ ಕ್ಯಾಸ್ಟರ್ (ಎತ್ತ ಬೇಕಾದರೂ ಉರುಳುವ ಪುಟ್ಟ ಚಕ್ರ), ಮಂಡಿಪೇಟೆಯಲ್ಲಿ ತಂದದ್ದು, ಒಂದೊಂದರ ಎತ್ತರ 20 ಮಿಲಿಮೀಟರ್. ಮೇಲೆ ಮೆತ್ತಗಿರಲಿ ಅಂತ 10 ಮಿಲಿಮೀಟರ್ ಫೋಮು, ಮಣಿಕಟ್ಟಿನ ಮೇಲೆ ಒಂದಿಂಚಿನ ವೆಲ್ಕ್ರೋ ಪಟ್ಟಿ. ನೋಡೋಕೆ ಚೆಂದವಾಗಿಯೇ ಇತ್ತು. ಬೆರಳಲ್ಲಿ ತಳ್ಳಿದರೆ ಮೇಜಿನ ಆ ತುದಿಗೆ ಹೋಗಿ ನಿಲ್ಲುತ್ತಿತ್ತು. ಹುಡುಗನ ಕೈಯ ಉದ್ದ ಅಳೆದಿದ್ದೆ, ಅಗಲ ಅಳೆದಿದ್ದೆ. ಎತ್ತರ ಅಳೆಯಲಿಲ್ಲ. ಕೆಟ್ಟದ್ದು ಇದೊಂದರಿಂದಲೇ, ಹಾಗಾಗಿ ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಈಗಲೇ ಒಂದು ಪೆನ್ನು ಹಿಡಿದು ಬರೆಯುವ ಹಾಗೆ ಕೈಯನ್ನು ಪುಸ್ತಕದ ಮೇಲೆ ಇಡಿ. ಕಿರುಬೆರಳ ಕಡೆಯ ಅಂಗೈ ಅಂಚು ಕಾಗದಕ್ಕೆ ತಾಗಿರುತ್ತದೆ, ಮಣಿಕಟ್ಟಿನ ಅಡಿ ಮಾತ್ರ ಚೂರು ಎದ್ದಿರುತ್ತದೆ. ಆ ಸಂದಿಗೆ ಸ್ಕೇಲು ನಿಲ್ಲಿಸಿ ನೋಡಿ. ನಮ್ಮ ಹುಡುಗನದು 9 ಮಿಲಿಮೀಟರ್ ಇತ್ತು (ಇದು ಆಮೇಲೆ ಅಳೆದದ್ದು, ಅಷ್ಟು ಹೊತ್ತಿಗೆ ಬುದ್ಧಿ ಬಂದಿತ್ತು). ನನ್ನ ಬಂಡಿಯ ಎತ್ತರ 18, 20, 10 ಕೂಡಿ 48. ಮಣಿಕಟ್ಟು ಅಷ್ಟು ಮೇಲೆ ಕೂತರೆ ಪೆನ್ಸಿಲ್ ತುದಿ ಕಾಗದಕ್ಕೆ ಎಟುಕುವುದೇ ಇಲ್ಲ. ಎಟುಕಿಸಬೇಕಾದರೆ ಇರುವುದು ಒಂದೇ ದಾರಿ, ಮಣಿಕಟ್ಟನ್ನು ಕೆಳಮುಖವಾಗಿ ಬಗ್ಗಿಸುವುದು. ಕೊಕ್ಕರೆ ನೀರಿಗೆ ಕೊಕ್ಕು ಇಳಿಸಿದ ಹಾಗೆ ಅವನು ಬರೆಯತೊಡಗಿದ.

ಬಗ್ಗಿದರೆ ಏನಾಯಿತು ಅಂತ ಕೇಳಬಹುದು. ಮೊಣಕೈಯನ್ನು ಮೇಜಿನ ಮೇಲೆ ಊರಿ, ಮಣಿಕಟ್ಟನ್ನು ಒಳಗಡೆಗೆ ಎಷ್ಟು ಬಗ್ಗುತ್ತೋ ಅಷ್ಟು ಬಗ್ಗಿಸಿ, ಈಗ ಗಟ್ಟಿಯಾಗಿ ಮುಷ್ಟಿ ಕಟ್ಟಿ ನೋಡಿ. ಆಗುವುದಿಲ್ಲ. ಇನ್ನು ಮಣಿಕಟ್ಟನ್ನು ಹಿಂದಕ್ಕೆ ಎತ್ತಿ. ಬೆರಳು ತಾವಾಗಿ ಮಡಚಿಕೊಳ್ಳುತ್ತವೆ, ಮುಷ್ಟಿ ಸಲೀಸು. ಬೆರಳು ಬಿಚ್ಚುವ ಸ್ನಾಯುರಜ್ಜುಗಳು ಮಣಿಕಟ್ಟಿನ ಬೆನ್ನ ಮೇಲೆ ಹಾದುಹೋಗುತ್ತವೆ. ಬಾವಿ ರಾಟೆಯ ಮೇಲಿನ ಹಗ್ಗ ಇದ್ದ ಹಾಗೆ. ಮಣಿಕಟ್ಟು ಕೆಳಕ್ಕೆ ಬಗ್ಗಿದಾಗ ಆ ಹಗ್ಗ ಬಿಗಿದು ಬೆರಳುಗಳನ್ನು ಬಿಚ್ಚುವ ಕಡೆಗೆ ಎಳೆಯುತ್ತದೆ. ಹಿಡಿಯುವ ಸ್ನಾಯುಗಳ ಬಲವೂ ಅದೇ ಹೊತ್ತಿಗೆ ಕುಗ್ಗುತ್ತದೆ. ಪೆನ್ಸಿಲ್ ಜಾರದಿರಬೇಕಾದರೆ ಮಗು ಮೊದಲಿಗಿಂತ ಹೆಚ್ಚು ಹಿಸುಕಬೇಕು. ಅಂದರೆ ಕೈನೋವು ಕಡಿಮೆ ಮಾಡಲು ಕಟ್ಟಿದ ಬಂಡಿ ನೋವಿನ ಕಾರಣವನ್ನೇ ದೊಡ್ಡದು ಮಾಡಿತು. ಬರೆಯುವಾಗ ಮಣಿಕಟ್ಟು ಹಿಂದಕ್ಕೆ 20ರಿಂದ 30 ಡಿಗ್ರಿ ಎದ್ದಿರಬೇಕು. ನಾನು ಅದನ್ನು ಎದುರು ದಿಕ್ಕಿಗೆ ತಿರುಗಿಸಿ, ಮೇಲಿಂದ ಪಟ್ಟಿ ಬೇರೆ ಬಿಗಿದಿದ್ದೆ.

ಗೊತ್ತಾಗೋಕೆ ತಡವಾದದ್ದಕ್ಕೂ ಕಾರಣವಿದೆ. ಮೊದಲ ವಾರ ಅಕ್ಷರ ಚೆನ್ನಾಗಿಯೇ ಕಂಡಿತು. ನಿಧಾನಕ್ಕೆ ಬರೆದರೆ ಯಾರದ್ದಾದರೂ ಚೆನ್ನಾಗಿ ಕಾಣುತ್ತದೆ! ಗಡಿಯಾರ ಇಟ್ಟು ನೋಡಬೇಕಿತ್ತು, ನೋಡಲಿಲ್ಲ. ದಸರಾ ರಜೆ ಹೊತ್ತಿಗೆ ಪೆನ್ಸಿಲ್ ಜಾರದಿರಲಿ ಅಂತ ಅವನು ಹೆಬ್ಬೆರಳನ್ನು ಅಡ್ಡಲಾಗಿ ಸುತ್ತಿ, ತೋರುಬೆರಳ ಮೇಲೆ ಒತ್ತಿ ಹಿಡಿಯುವುದನ್ನು ರೂಢಿ ಮಾಡಿಕೊಂಡಿದ್ದ. ಬಂಡಿ ಬಿಚ್ಚಿದರೂ ಆ ಹಿಡಿತ ಹೋಗಲಿಲ್ಲ. ಮೊದಲಿದ್ದ ತೊಂದರೆಗಿಂತ ಅದನ್ನು ಬಿಡಿಸುವುದೇ ಹೆಚ್ಚು ದಿನ ತಿಂದಿತು.

ಇನ್ನು ನೀವು ಹೇಳಿದ ಹಳಿ. ಎಡದಿಂದ ಬಲಕ್ಕೆ ಮಾತ್ರ ಜಾರುವ ಸಾಧನ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮ ಬರವಣಿಗೆಯಲ್ಲಿ ಒತ್ತಕ್ಷರ ಇದೆ. ‘ರಾಷ್ಟ್ರ’ ಬರೆಯುವಾಗ ‘ಷ’ದ ಕೆಳಗೆ ಎರಡು ಒತ್ತು ಇಳಿಯಬೇಕು. ಬೆರಳು ಪಳಗಿದವರು ಬೆರಳನ್ನಷ್ಟೇ ಮಡಚಿ ಅದನ್ನು ಬರೆಯುತ್ತಾರೆ. ಬೆರಳು ಬಿಗಿಯಾಗಿರುವ ಮಗು ಇಡೀ ಕೈಯನ್ನೇ ಕೆಳಗೆ ಎಳೆಯುತ್ತದೆ, ಹಳಿ ಬಿಡುವುದಿಲ್ಲ. ಆಗ ಒತ್ತು ಸಾಸಿವೆ ಕಾಳಿನಷ್ಟಾಗಿ ಮೇಲಿನ ಅಕ್ಷರದ ಹೊಟ್ಟೆಗೆ ಅಂಟುತ್ತದೆ. ಅದೂ ಅಲ್ಲದೆ ಪ್ರತಿ ಸಾಲಿಗೂ ಹಳಿಯನ್ನು ಕೆಳಗೆ ಸರಿಸುತ್ತಾ ಕೂತರೆ ನೋಟ್ಸು ಮುಗಿಯುವುದು ಯಾವಾಗ?

ಕೈ ಕಟ್ಟಿ ಬರವಣಿಗೆ ಕಲಿಸುವ ಆಸೆ ಹಳೆಯದೇ. ಇನ್ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಜೋಸೆಫ್ ಕಾರ್‌ಸ್ಟೇರ್ಸ್ ಎಂಬ ಬರವಣಿಗೆ ಮೇಷ್ಟ್ರು ಶಿಷ್ಯರ ಬೆರಳನ್ನು ಪಟ್ಟಿಯಿಂದ ಕಟ್ಟಿ, ತೋಳಿನ ಚಲನೆಯಿಂದಲೇ ಬರೆಯುವುದನ್ನು ಕಲಿಸುತ್ತಿದ್ದರು. 1814ರಲ್ಲಿ ಲೋಜಿಯರ್ ಎಂಬುವರು ಪಿಯಾನೋ ಕಲಿಯುವವರ ಮಣಿಕಟ್ಟು ಹಿಡಿದಿಡುವ ಚೌಕಟ್ಟಿಗೆ ಪೇಟೆಂಟನ್ನೇ ಪಡೆದಿದ್ದರು. ಇಬ್ಬರ ಉಪಾಯವೂ ಇವತ್ತು ಯಾವ ತರಗತಿಯಲ್ಲೂ ಉಳಿದಿಲ್ಲ.

ಹಾಗಾದರೆ ಏನು ಮಾಡಿಸಬೇಕು? ನನ್ನ ಪ್ರಕಾರ ತಪ್ಪಿರುವುದು ಹುಡುಗನ ಕೈಯಲ್ಲಿ ಅಲ್ಲ, ಕೈ ಕೆಳಗಿರುವ ಮೇಜಿನಲ್ಲಿ. ಅವನು ಕೂತು ತೋಳು ಇಳಿಬಿಟ್ಟು ಮೊಣಕೈ ಮಡಚಿದಾಗ ಮೊಣಕೈ ಎಲ್ಲಿದೆಯೋ, ಮೇಜು ಅದಕ್ಕಿಂತ ಎರಡು ಮೂರು ಬೆರಳಷ್ಟೇ ಮೇಲಿರಬೇಕು. ಊಟದ ಮೇಜಿನ ಮೇಲೆ ಬರೆಯುತ್ತಿದ್ದರೆ ಅದು ಎದೆಮಟ್ಟಕ್ಕೆ ಬಂದಿರುತ್ತದೆ, ಭುಜ ಕಿವಿಗೆ ಏರಿರುತ್ತದೆ. ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ. ಪಾದ ತೂಗಾಡಿದರೆ ಕೆಳಗೆ ಮಣೆ ಇಡಿ. ಮಂಚದ ಮೇಲೆ ಬೋರಲು ಬಿದ್ದು ಹೋಂವರ್ಕ್ ಮಾಡುವುದನ್ನು ಇವತ್ತೇ ನಿಲ್ಲಿಸಿ.

ಆಮೇಲೆ ಇಳಿಜಾರು ಹಲಗೆ. ಹಿಂದೆ ಮಂಡಿಗಳಲ್ಲಿ ಗುಮಾಸ್ತರು ಗಾದಿ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ, ಇಳಿಜಾರು ಮುಚ್ಚಳದ ಪೆಟ್ಟಿಗೆ ನೋಡಿದ್ದೀರಾ? ಅದೇ. ಹಲಗೆ ಎದುರು ಎದ್ದಿದ್ದರೆ ಮಣಿಕಟ್ಟು ಹೇಳದೆಯೇ ಹಿಂದಕ್ಕೆ ಏಳುತ್ತದೆ, ಕತ್ತೂ ಬಗ್ಗುವುದಿಲ್ಲ. ಮಾಡಿಸುವ ಮುಂಚೆ ಪುಕ್ಕಟೆ ಪರೀಕ್ಷೆ ಒಂದಿದೆ. ಕಚೇರಿಗಳಲ್ಲಿ ಇರುವ, ಮೂರಿಂಚು ಬೆನ್ನಿನ ದಪ್ಪ ಬಾಕ್ಸ್ ಫೈಲನ್ನು ಬೆನ್ನು ಆ ಕಡೆ, ತೆಳು ಅಂಚು ಹುಡುಗನ ಕಡೆ ಬರುವ ಹಾಗೆ ಮಲಗಿಸಿ. ಸುಮಾರು 15 ಡಿಗ್ರಿ ಇಳಿಜಾರು ಸಿಗುತ್ತದೆ. ಅದರ ಮೇಲೆ ಒಂದು ವಾರ ಬರೆಸಿ. ಹಿಡಿಸಿದರೆ ಬಡಗಿಗೆ ಹೇಳಿ: 12 ಮಿಲಿಮೀಟರ್ ಪ್ಲೈವುಡ್, ಅಗಲ 18 ಇಂಚು, ಆಳ 14 ಇಂಚು, ಹಿಂದಿನ ಅಂಚು ಮೇಜಿನಿಂದ ನಾಲ್ಕೂಮುಕ್ಕಾಲು ಇಂಚು ಎತ್ತರ. ಇದು 20 ಡಿಗ್ರಿ. ಕೆಳ ಅಂಚಿಗೆ ಪುಸ್ತಕ ಜಾರದಂತೆ 6 ಮಿಲಿಮೀಟರ್ ಪಟ್ಟಿ, ಅದರ ಮೇಲಂಚನ್ನು ಉಜ್ಜುಕಾಗದದಲ್ಲಿ ಗುಂಡಗೆ ಮಾಡಿಸಿ, ಇಲ್ಲದಿದ್ದರೆ ಅದೇ ಮುಂದೋಳಿಗೆ ಒತ್ತುತ್ತದೆ. ಅಡಿಗೆ ಹಳೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ. ಅಗಲ 18 ಇಂಚಿಗಿಂತ ಕಡಿಮೆ ಮಾಡಿಸಬೇಡಿ, ಮೊಣಕೈ ಹೊರಗೆ ತೂಗಾಡಿದರೆ ಹಲಗೆ ಇದ್ದೂ ಪ್ರಯೋಜನವಿಲ್ಲ.

ಪುಸ್ತಕವನ್ನು ನೇರ ಇಡಿಸಬೇಡಿ. ಬಲಗೈನವರಿಗೆ ಪುಸ್ತಕದ ತಲೆ ಎಡಕ್ಕೆ 20ರಿಂದ 30 ಡಿಗ್ರಿ ವಾಲಿರಬೇಕು, ಮುಂದೋಳೂ ಪುಸ್ತಕದ ಪಕ್ಕದ ಅಂಚೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಬರಬೇಕು. ಪುಸ್ತಕ ನೇರ ಇದ್ದರೇ ಶಿಸ್ತು ಅನ್ನುವ ಮೇಷ್ಟ್ರುಗಳಿದ್ದಾರೆ. ವಿನಯವಾಗಿಯೇ ಹೇಳಿ ನೋಡಿ.

ಬೆರಳಿಗೆ ನನಗೆ ಗೊತ್ತಿರುವ ಒಳ್ಳೆಯ ಸಾಧನ ಒಂದು ಹುಣಸೆ ಬೀಜ. ಉಂಗುರದ ಬೆರಳು, ಕಿರುಬೆರಳು ಎರಡನ್ನೂ ಮಡಚಿ ಅವುಗಳ ಕೆಳಗೆ ಬೀಜ ಹಿಡಿಸಿ, ಬೀಳಿಸದೆ ಐದು ಸಾಲು ಬರೆಯಲಿ. ಆ ಎರಡು ಬೆರಳು ಮಡಚಿ ಕೂತರೆ ಅಂಗೈ ಅಂಚು ಕಾಗದದ ಮೇಲೆ ನಿಲ್ಲುತ್ತದೆ, ಉಳಿದ ಮೂರು ಬೆರಳಿಗೆ ಆಡಲು ಜಾಗ ಸಿಗುತ್ತದೆ. ನೀವು ದುಡ್ಡು ಕೊಟ್ಟು ತರಿಸಬೇಕೆಂದಿರುವ ಕೈ-ಆಸರೆ ಅವನ ಅಂಗೈಯಲ್ಲೇ ಇದೆ, ಅದರ ಕೆಳಗೆ ಬಂಡಿ ತುರುಕಿದರೆ ಅದಕ್ಕೆ ಊರಲು ನೆಲವೇ ಇರುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಬೀಜ ಎತ್ತಿಡಿ, ಬಾಯಿಗೆ ಹಾಕಿಕೊಳ್ಳುತ್ತವೆ. ಪೆನ್ಸಿಲ್ ತುದಿಯಿಂದ ಒಂದಿಂಚು ಮೇಲೆ ರಬ್ಬರ್ ಬ್ಯಾಂಡ್ ಸುತ್ತಿ, ಬೆರಳು ಅದರಿಂದ ಕೆಳಗೆ ಇಳಿಯಬಾರದು.

ಒತ್ತಿ ಬರೆಯುತ್ತಾನಾ ಅಂತ ತಿಳಿಯಲು ಕಾರ್ಬನ್ ಹಾಳೆ ಸಾಕು. ಮೂರು ಬಿಳಿ ಹಾಳೆ, ನಡುವೆ ಎರಡು ಕಾರ್ಬನ್. ಮೂರನೆಯ ಹಾಳೆಯಲ್ಲೂ ಅಕ್ಷರ ದಟ್ಟವಾಗಿ ಮೂಡಿದರೆ ಹಿಸುಕುತ್ತಿದ್ದಾನೆ. ‘ಎರಡನೆಯದರಲ್ಲಿ ಮಾತ್ರ ಮೂಡಬೇಕು, ಮೂರನೆಯದು ಖಾಲಿ ಇರಬೇಕು’ ಅಂತ ಆಟ ಕಟ್ಟಿ. ಅಷ್ಟು ದಿನ ಬಾಲ್ ಪೆನ್ನು ಬಿಟ್ಟು ಜೆಲ್ ಪೆನ್ನೋ ಇಂಕ್ ಪೆನ್ನೋ ಕೊಡಿ, ಅವು ಒತ್ತದೆಯೇ ಬರೆಯುತ್ತವೆ. ಮೂರು ಬೆರಳ ಹಿಡಿತವೇ ಆಗಬೇಕೆಂಬ ಹಟ ಬೇಡ. ಉಂಗುರದ ಬೆರಳೂ ಸೇರಿ ನಾಲ್ಕು ಬೆರಳಲ್ಲಿ ಹಿಡಿದರೂ, ನೋವಿಲ್ಲದೆ ವೇಗವಾಗಿ ಓದುವಂತೆ ಬರೆದರೆ ಅದನ್ನು ಮುಟ್ಟಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ ಮೂರು ಗಂಟೆ ಬರೆಯುವ ದಿನ ಬೆರಳು ಎಣಿಸುವವರು ಯಾರೂ ಇರುವುದಿಲ್ಲ.

ಇಷ್ಟಾದ ಮೇಲೂ ಆಸರೆ ಬೇಕೇ ಬೇಕು, ಮುಂದೋಳು ಸೋಲುತ್ತದೆ ಅನ್ನುವುದಾದರೆ ಮಣಿಕಟ್ಟಿಗಲ್ಲ, ಮುಂದೋಳಿಗೆ ಮಾಡಿಸಿ. ಎರಡನೇ ಸಲ ನಾನು ಮಾಡಿದ್ದು ಇದು: 4 ಮಿಲಿಮೀಟರ್ ಪ್ಲೈವುಡ್, ಆರಿಂಚು ಉದ್ದ, ಎರಡೂವರೆ ಇಂಚು ಅಗಲ. ಚಕ್ರ ಇಲ್ಲ, ಅಡಿಗೆ ಕುರ್ಚಿ ಕಾಲಿಗೆ ಅಂಟಿಸುವ 3 ಮಿಲಿಮೀಟರ್ ಫೆಲ್ಟು. ಮೇಲೆ ಒಂದು ಪದರ ಕಾಟನ್ ಬಟ್ಟೆ. ಒಟ್ಟು ಎತ್ತರ 8 ಮಿಲಿಮೀಟರ್, ಅವನ 9ಕ್ಕಿಂತ ಒಂದು ಕಡಿಮೆ. ಹಲಗೆಯ ಮುಂದಿನ ತುದಿ ಮಣಿಕಟ್ಟಿನ ಗೆರೆಗಿಂತ ಎರಡು ಇಂಚು ಹಿಂದೆಯೇ ನಿಲ್ಲಬೇಕು. ಪಟ್ಟಿ ಮುಂದೋಳಿನ ನಡುಭಾಗಕ್ಕೆ, ಒಳಗೆ ಒಂದು ಬೆರಳು ತೂರುವಷ್ಟು ಸಡಿಲ. ಚಕ್ರ ಬಿಟ್ಟದ್ದು ದುಡ್ಡು ಉಳಿಸಲು ಅಲ್ಲ. ಗುಂಡಿನ ಮೇಲಿನ ಕೈಗೆ ನಿಲುಗಡೆ ಇಲ್ಲ, ಜಾರುವ ಕೈಯನ್ನು ನಿಲ್ಲಿಸಲು ಮಗು ಭುಜದಿಂದ ಬಿಗಿ ಹಿಡಿಯುತ್ತದೆ. ಫೆಲ್ಟಿನ ಚೂರು ತಡೆ ಇದ್ದರೇ ಕೈ ನೆಮ್ಮದಿಯಾಗಿರುತ್ತದೆ. ಇದನ್ನು ಮಟ್ಟಸವಾದ ಮೇಜಿನ ಮೇಲೆ ಮಾತ್ರ ಬಳಸಿ. 20 ಡಿಗ್ರಿ ಹಲಗೆಯ ಮೇಲೆ ಇಟ್ಟರೆ ಫೆಲ್ಟು ಕೂಡ ಕೆಳಕ್ಕೆ ಜಾರುತ್ತದೆ, ಅದನ್ನು ಎತ್ತಿ ಹಿಡಿಯುವುದೇ ಇನ್ನೊಂದು ಕೆಲಸವಾಗುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಉಳಿದದ್ದು ಬರಿಗೈಲಿ. ಶಾಲೆಯ ಡೆಸ್ಕಿನ ಮೇಲೆ ಬಂಡಿ ಇರುವುದಿಲ್ಲವಲ್ಲ.

ವಾರಕ್ಕೊಂದು ಸಲ ಒಂದೇ ಪ್ಯಾರಾವನ್ನು ಐದು ನಿಮಿಷ ನಕಲು ಮಾಡಿಸಿ, ಎಷ್ಟು ಪದ ಆಯಿತು ಎಣಿಸಿ, ತಾರೀಖು ಹಾಕಿ ಇಡಿ. ಅಕ್ಷರ ದುಂಡಗಾಗುತ್ತಾ ಪದ ಕಡಿಮೆ ಆಗುತ್ತಿದ್ದರೆ ಏನೋ ಎಡವಟ್ಟಾಗಿದೆ ಅಂತ ತಿಳಿದು, ಸ್ಕೇಲು ಹಿಡಿದು ಮಣಿಕಟ್ಟಿನ ಪಕ್ಕ ಕೂತು ನೋಡಿ. ಬೆರಳು ಜೋಮು ಹಿಡಿಯುವುದು, ನಡುಕ, ಬರೆಯದೇ ಇದ್ದಾಗಲೂ ನೋವು ಇದ್ದರೆ ಹಲಗೆ, ಬೀಜ ಎಲ್ಲ ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ, ಅಲ್ಲಿಂದ ಫಿಸಿಯೋಥೆರಪಿಗೆ ಬರೆಸಿಕೊಳ್ಳಿ.

ನಿಮ್ಮ ಹುಡುಗ ಎಡಗೈನವನೋ ಬಲಗೈನವನೋ ನೀವು ಹೇಳಿಲ್ಲ. ಎಡಗೈನವನಾದರೆ ಪುಸ್ತಕದ ತಲೆ ಬಲಕ್ಕೆ, 30 ಡಿಗ್ರಿಗಿಂತ ಚೂರು ಹೆಚ್ಚೇ ವಾಲಲಿ. ರಬ್ಬರ್ ಬ್ಯಾಂಡು ಒಂದೂವರೆ ಇಂಚು ಮೇಲಿರಲಿ, ಇಲ್ಲದಿದ್ದರೆ ಬರೆದದ್ದು ಕಾಣಲಿಲ್ಲ ಅಂತ ಮಣಿಕಟ್ಟನ್ನು ಕೊಕ್ಕೆ ಮಾಡಿ ಮೇಲಿಂದ ಬರೆಯತೊಡಗುತ್ತಾನೆ. ಡೆಸ್ಕಿನಲ್ಲಿ ಎಡತುದಿಯಲ್ಲಿ ಕೂರಿಸಲು ಮೇಷ್ಟ್ರಿಗೆ ಹೇಳಿ, ಪಕ್ಕದವನ ಬಲ ಮೊಣಕೈ ತಗುಲುವುದಿಲ್ಲ.