ಸ್ವರ ಸಲಹೆ: ಪಿಯಾನೊದಲ್ಲಿ ಅನ್ನ ಹಾಕೋದು ಎಡಗೈ

ಪ್ರಶ್ನೆ: ಮೇಷ್ಟ್ರೇ, ನನ್ನ ಮಗ ಎರಡನೇ ಪಿಯುಸಿ. ಪಿಯಾನೊದಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನವರ ಆರನೇ ಗ್ರೇಡ್ ಪರೀಕ್ಷೆ ಪಾಸಾಗಿದ್ದಾನೆ. ಬಿ.ಕಾಂ. ಮಾಡಿ ಅಂಗಡಿ ನೋಡಿಕೋ ಅಂತ ಅವರಪ್ಪ. ಇವನು ನೋಡಿದರೆ ರಾತ್ರಿಯೆಲ್ಲ ಹೆಡ್‌ಫೋನ್ ಹಾಕಿಕೊಂಡು ಅರ್ಜೆಂಟೀನಾದ ಟ್ಯಾಂಗೊ ಕೇಳುತ್ತಾನೆ. ತಾನೂ ಸಂಗೀತ ಬರೆಯುತ್ತೇನೆ, ಅದನ್ನೇ ನುಡಿಸಿ ಬದುಕುತ್ತೇನೆ ಅಂತಾನೆ. ಅದು ಕುಣಿಯೋರ ಸಂಗೀತ ಅಲ್ವಾ? ಅದನ್ನೂ ಕ್ಲಾಸಿಕಲ್ಲನ್ನೂ ಒಟ್ಟಿಗೆ ಇಟ್ಟುಕೊಂಡು ಹೊಟ್ಟೆ ಹೊರೆದವರು ಇದ್ದಾರಾ?
— ಒಬ್ಬ ತಾಯಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಇದ್ದಾರಮ್ಮ. ಒಂದು ಹೆಸರು ಹೇಳುತ್ತೇನೆ, ಮಗನನ್ನ ಕೇಳಿ ನೋಡಿ: ಗುಸ್ತಾವೊ ಬೈತೆಲ್ಮನ್. ಹುಟ್ಟಿದ್ದು 1945ರಲ್ಲಿ, ವೆನಾದೊ ತುಎರ್ತೊ ಎಂಬ ಊರಲ್ಲಿ. ಟ್ಯಾಂಗೊ ಅಂದರೆ ಎಲ್ಲರೂ ಬ್ಯೂನಸ್ ಐರಿಸ್ ಅಂತಾರೆ. ಇದು ಅಲ್ಲಲ್ಲ, ಸಾಂತಾ ಫೆ ಪ್ರಾಂತ್ಯದ ಬಯಲಲ್ಲಿ ಇರೋ ಬೇಸಾಯದ ಊರು. ನಮ್ಮ ದಾವಣಗೆರೆ ಮಂಡಿಪೇಟೆಯವರು ಅಲ್ಲಿಗೆ ಹೋದರೆ ಧಾರಣೆ ಕೇಳಿಕೊಂಡು ಒಂದು ದಿನ ಆರಾಮಾಗಿ ಕಳೆಯಬಹುದು.

1976ರ ಮಾರ್ಚ್‌ನಲ್ಲಿ ಅರ್ಜೆಂಟೀನಾದಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಬೈತೆಲ್ಮನ್ ಪ್ಯಾರಿಸ್ ಸೇರಿದರು. ಮರುವರ್ಷವೇ ಅಲ್ಲಿನ ಒಲಿಂಪಿಯಾ ಸಭಾಂಗಣದಲ್ಲಿ ಟ್ಯಾಂಗೊದ ಹೆಸರಾಂತ ರಚನಕಾರ ಆಸ್ಟರ್ ಪಿಯಾಜೊಲಾ ಅವರ ತಂಡಕ್ಕೆ ಪಿಯಾನೊ ನುಡಿಸಿದರು. ಆಮೇಲೆ ಬ್ಯಾಂಡೋನಿಯನ್ (ತಿದಿ ಹಿಗ್ಗಿಸಿ ಕುಗ್ಗಿಸಿ ನುಡಿಸುವ ವಾದ್ಯ) ವಾದಕ ಹ್ವಾನ್ ಹೋಸೆ ಮೊಸಾಲಿನಿ, ಬಾಸ್ ವಾದಕ ಪಾತ್ರಿಸ್ ಕಾರಾತಿನಿ ಜೊತೆ ಮೂವರ ತಂಡ. ಡ್ರಮ್ಸ್ ಇಲ್ಲ, ಗಾಯಕರಿಲ್ಲ. ಹಾಲೆಂಡಿನ ರಾಟರ್‌ಡ್ಯಾಮ್ ಸಂಗೀತ ಕಾಲೇಜಿನಲ್ಲಿ ಟ್ಯಾಂಗೊಗೇ ಒಂದು ವಿಭಾಗ ಇದೆ, ಅದನ್ನು ಬಹಳ ಕಾಲ ನಡೆಸಿದವರು ಇವರೇ. 2001ರಲ್ಲಿ ಗೋತಾನ್ ಪ್ರಾಜೆಕ್ಟ್ ಎಂಬ ಎಲೆಕ್ಟ್ರಾನಿಕ್ ತಂಡದ ಮೊದಲ ಆಲ್ಬಂ ಬಂತು. ಕಾಫಿ ಅಂಗಡಿಗಳಲ್ಲೆಲ್ಲ ಅದೇ ಕೇಳಿಸುತ್ತಿದ್ದ ಕಾಲವೊಂದಿತ್ತು. ಅದರಲ್ಲೂ ಪಿಯಾನೊ ಇವರದು. ಈ ಎಲ್ಲದರ ನಡುವೆ ತಮ್ಮದೇ ಕಛೇರಿ ಸಂಗೀತ ಬರೆಯುತ್ತ ಬಂದರು.

ಗಮನಿಸಿದಿರಾ? ಬರೀ 'ರಚನಕಾರ' ಅಂತ ಯಾರೂ ಸಂಬಳ ಕೊಡಲಿಲ್ಲ. ಪಕ್ಕದಲ್ಲಿ ಕೂತು ನುಡಿಸಿದರು, ಬೇರೆಯವರ ಹಾಡನ್ನು ತಂಡಕ್ಕೆ ಹೊಂದಿಸಿ ಬರೆದುಕೊಟ್ಟರು, ಪಾಠ ಹೇಳಿದರು.

ಇನ್ನೊಬ್ಬರು ಪಾಬ್ಲೊ ಜೀಗ್ಲರ್. 1978ರಲ್ಲಿ ಪಿಯಾಜೊಲಾ ಅವರ ಐವರ ತಂಡ ಸೇರಿದಾಗ ಅವರಿಗೆ ಮೂವತ್ತಮೂರೋ ಮೂವತ್ತನಾಲ್ಕೋ. ಹತ್ತು ವರ್ಷ ಇನ್ನೊಬ್ಬರ ಹೆಸರಿನ ಕೆಳಗೆ ನುಡಿಸಿದರು. ಪಿಯಾಜೊಲಾಗೆ ಹೃದಯದ ಆಪರೇಷನ್ ಆಗಿ ತಂಡ ನಿಂತ ಮೇಲೆ ಸ್ವಂತ ತಂಡ ಕಟ್ಟಿದರು, ಮನೋಧರ್ಮಕ್ಕೆ, ಅಂದರೆ ಆ ಕ್ಷಣ ಹೊಳೆದದ್ದನ್ನು ನುಡಿಸೋದಕ್ಕೆ, ಜಾಸ್ತಿ ಜಾಗ ಬಿಟ್ಟರು. ಗ್ರ್ಯಾಮಿ ಬಂದಿದ್ದು 2018ರಲ್ಲಿ, ಎಪ್ಪತ್ತಮೂರನೇ ವಯಸ್ಸಲ್ಲಿ. ನಿಮ್ಮ ಯಜಮಾನರಿಗೆ ಈ ಕೊನೇ ವಾಕ್ಯ ಸದ್ಯಕ್ಕೆ ಓದಿ ಹೇಳಬೇಡಿ.

ನನಗೆ ತುಂಬ ಇಷ್ಟದವರು ಇವರಿಬ್ಬರಿಗಿಂತ ಹಿಂದಿನ ಓಸ್ವಾಲ್ದೊ ಪುಗ್ಲಿಯೇಸೆ. 1905ರಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗ ಮೂಕಿ ಸಿನಿಮಾ ಪರದೆ ಮುಂದೆ, ಕಾಫಿ ಹೋಟೆಲುಗಳಲ್ಲಿ ಪಿಯಾನೊ ನುಡಿಸಿದವರು. 1939ರಲ್ಲಿ ಕಟ್ಟಿದ ತಂಡವನ್ನು ಸಹಕಾರಿ ಸಂಘದ ಹಾಗೆ ನಡೆಸಿದರು. ಬಂದ ದುಡ್ಡು ಮಾಲೀಕನ ಜೇಬಿಗಲ್ಲ. ಯಾರು ಎಷ್ಟು ದುಡಿದರು ಅನ್ನೋದಕ್ಕೆ ಪಾಯಿಂಟ್. ನುಡಿಸಿದರೆ ಇಷ್ಟು, ತಂಡಕ್ಕೆ ಹಾಡು ಹೊಂದಿಸಿ ಬರೆದರೆ ಇನ್ನಷ್ಟು. ಆ ಲೆಕ್ಕದ ಮೇಲೆ ಹಂಚಿಕೆ. ಹೀಗಾಗಿ ತಂಡದ ಹುಡುಗರೆಲ್ಲ ಬರೆಯೋಕೆ ಕೂತರು! ಪುಗ್ಲಿಯೇಸೆ ಕಮ್ಯುನಿಸ್ಟರು, ಮತ್ತೆ ಮತ್ತೆ ಜೈಲಿಗೆ ಹೋದವರು. ಅವರು ಒಳಗಿದ್ದಾಗ ತಂಡ ಅವರಿಲ್ಲದೆಯೇ ನುಡಿಸುತ್ತಿತ್ತು, ಖಾಲಿ ಪಿಯಾನೊ ಮೇಲೆ ಒಂದು ಕೆಂಪು ಕಾರ್ನೇಷನ್ ಹೂ ಇಟ್ಟು. ಹತ್ತಿ ಗಿರಣಿ, ಕೆಂಪು ಬಾವುಟ ಎರಡನ್ನೂ ನೋಡಿದ ದಾವಣಗೆರೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1985ರ ಡಿಸೆಂಬರ್‌ನಲ್ಲಿ, ಎಂಬತ್ತು ತುಂಬಿದಾಗ, ಬ್ಯೂನಸ್ ಐರಿಸ್‌ನ ದೊಡ್ಡ ಒಪೆರಾ ಮಂದಿರ ತಿಯಾತ್ರೊ ಕೊಲೋನ್‌ನಲ್ಲಿ ನುಡಿಸಿದರು. 'ಕುಣಿಯೋರ ಸಂಗೀತ' ಅಂದಿರಲ್ಲ, ಅದೇ ಸಂಗೀತ ಆ ವೇದಿಕೆ ಹತ್ತಿತು.

ಈಗ ನಿಮ್ಮ ಹುಡುಗನ ವಿಷಯ. ಬಿ.ಕಾಂ. ಮಾಡಲಿ, ಪರವಾಗಿಲ್ಲ. ಮುಂದೆ ರಾಯಲ್ಟಿ ಲೆಕ್ಕ ಓದೋಕಾದರೂ ಬರುತ್ತದೆ. ಆದರೆ ಗ್ರೇಡ್ ಪರೀಕ್ಷೆಯನ್ನೇ ಸಂಗೀತ ಅಂದುಕೊಳ್ಳೋದು ಬೇಡ. ಪರೀಕ್ಷೆಗೆ ಒಬ್ಬನೇ ಕೂತು ನುಡಿಸುತ್ತಾನೆ. ದುಡಿಮೆ ಇರೋದು ಇನ್ನೊಬ್ಬರ ಜೊತೆ. ಟ್ರಿನಿಟಿಯಲ್ಲಿ ಆಶುವಾಗಿ ನುಡಿಸುವ ಪರೀಕ್ಷೆಯ ಆಯ್ಕೆ ಇದೆ. ನನ್ನ ಹತ್ತಿರ ಬರುವ ಮಕ್ಕಳು ಅದರ ಹೆಸರೆತ್ತಿದರೆ ಮಾತು ಬದಲಿಸುತ್ತಾರೆ. ಅವನು ಅದನ್ನೇ ತೆಗೆದುಕೊಳ್ಳಲಿ. ಊರಿನ ಆರ್ಕೆಸ್ಟ್ರಾದಲ್ಲಿ ಒಂದು ಮದುವೆ ಸೀಸನ್ ಕೀಬೋರ್ಡ್ ನುಡಿಸಲಿ. ಗಾಯಕ ಇದ್ದಕ್ಕಿದ್ದಂತೆ ಶ್ರುತಿ ಏರಿಸಿದಾಗ ಎಡಗೈ ಏನು ಮಾಡುತ್ತದೆ ನೋಡಿ. ಅಲ್ಲಿ ಗೊತ್ತಾಗುತ್ತದೆ ಹುಡುಗ ಬದುಕುತ್ತಾನೋ ಇಲ್ಲವೋ ಅಂತ. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು ನಟನ ಬಾಯಿ ನೋಡಿಕೊಂಡೇ ನುಡಿಸುತ್ತಿದ್ದರು. ನಾನು ಈ ಕಸುಬು ಕಲಿತದ್ದು ಅಂಥವರ ಬೆನ್ನ ಹಿಂದೆ ನಿಂತು.

ಪ್ರಶ್ನೆ: ಸರ್, ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ಟ್ಯಾಂಗೊದ ಆ ಒಂಥರಾ ಎಡವಿ ಎದ್ದ ಹಾಗಿರುವ ನಡೆ ಹಾರ್ಮೋನಿಯಂನಲ್ಲಿ ಬರುತ್ತದಾ?
— ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಬರುತ್ತದೆ ತಮ್ಮಾ. ಮೊದಲು ಪೆಟ್ಟಿಗೆ ಮುಚ್ಚಿಡು, ಕೈ ಸಾಕು. ಎಂಟು ಮಾತ್ರೆ ತೆಗೆದುಕೋ: ತಕಿಟ ತಕಿಟ ತಕ. ಮೂರು, ಮೂರು, ಎರಡು. ಪೆಟ್ಟು ಬೀಳೋದು 1, 4, 7ರ ಮೇಲೆ. ಇದನ್ನು ಬಲಗೈಯಲ್ಲಿ ತೊಡೆಗೆ ತಟ್ಟು. ಈಗ ಕಾಲಲ್ಲಿ 1, 3, 5, 7 ಅಂತ ಸಮನಾಗಿ ಹಾಕು. ಎರಡೂ ಸೇರೋದು 1ರಲ್ಲಿ, 7ರಲ್ಲಿ ಮಾತ್ರ. ನಡುವೆ ಕೈ ಒಂದು ಕಡೆ, ಕಾಲು ಒಂದು ಕಡೆ. ನೀನು ಹೇಳಿದ ಎಡವೋದು ಅದೇ. ಪಿಯಾಜೊಲಾ ಅವರ ಎಷ್ಟೋ ರಚನೆ ಈ ನಡೆಯ ಮೇಲೆ ನಿಂತಿವೆ. ಆದಿತಾಳ ಬಲ್ಲವರಿಗೆ ಇದು ಹೊಸದಲ್ಲ. ಆದರೆ ನಮ್ಮಲ್ಲಿ ಇಂಥ ಲೆಕ್ಕ ಹಾಕಿ ಮತ್ತೆ ಸಮಕ್ಕೆ ಬಂದು ನಿಟ್ಟುಸಿರು ಬಿಡುತ್ತೇವೆ. ಅವರು ಅದರಲ್ಲೇ ಸಂಸಾರ ಮಾಡುತ್ತಾರೆ.

ಇನ್ನೊಂದು ಪಟ್ಟು ಇದೆ. ಪಿಯಾನೊದವರು 1 ಬರುವ ಮೊದಲೇ ಕೆಳಗಿನ ಮನೆಗಳಿಂದ (ಒತ್ತುವ ಕೀಗಳಿಂದ) ಎರಡು ಮೂರು ಸ್ವರ ಎಳೆದುಕೊಂಡು ಬಂದು ಪೆಟ್ಟಿನ ಮೇಲೆ ಬೀಳುತ್ತಾರೆ. ಪುಗ್ಲಿಯೇಸೆ ತಂಡದಲ್ಲಿ ಇದು ಇಡೀ ವಾದ್ಯವೃಂದ ಉಸಿರೆಳೆದು ಬಿಟ್ಟ ಹಾಗೆ ಕೇಳುತ್ತದೆ. ಹಾರ್ಮೋನಿಯಂನಲ್ಲಿ ಎಡಗೈ ತಿದಿಯ ಮೇಲೆ ಇರುತ್ತದಲ್ಲ, ಅದೇ ನಿನ್ನ ಅನುಕೂಲ. ಮನೆ ಒತ್ತಿ ಹಿಡಿದಿರು, ಪೆಟ್ಟಿನ ಜಾಗದಲ್ಲಿ ತಿದಿಗೆ ಸಣ್ಣ ಗುದ್ದು ಕೊಡು. ಬ್ಯಾಂಡೋನಿಯನ್ ನುಡಿಸೋರೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತಾರೆ, ವಾದ್ಯವನ್ನು ಮಂಡಿಯ ಮೇಲೆ ಕುಕ್ಕಿ. ಜರ್ಮನಿಯಲ್ಲಿ ಹುಟ್ಟಿದ ಆ ವಾದ್ಯವೂ ನಿನ್ನ ಪೆಟ್ಟಿಗೆಯೂ ಒಂದೇ ಕುಲ: ಗಾಳಿ ಹೋದಾಗ ಲೋಹದ ನಾಲಿಗೆ ನಡುಗಬೇಕು. ಅವರ ಕಷ್ಟ ಇನ್ನೂ ಜಾಸ್ತಿ. 71 ಗುಂಡಿ. ಒಂದೇ ಗುಂಡಿ ತಿದಿ ಹಿಗ್ಗಿಸಿದಾಗ ಒಂದು ಸ್ವರ, ಕುಗ್ಗಿಸಿದಾಗ ಇನ್ನೊಂದು. ಮಂಗಳಾರತಿ ಹೊತ್ತಲ್ಲಿ ಮಾತ್ರ ಈ ಪ್ರಯೋಗ ಮಾಡಬೇಡ, ಚಪ್ಪಾಳೆ ಹೊಡೆಯೋರು ದಾರಿ ತಪ್ಪುತ್ತಾರೆ.

ಪ್ರಶ್ನೆ: ಹಳೇ ಪಿಯಾನೊ ಒಂದು ಬೆಂಗಳೂರಲ್ಲಿ ಅಗ್ಗಕ್ಕೆ ಸಿಗುತ್ತಿದೆ. ತರಬಹುದಾ?
— ಹಿರಿಯೂರು

ಉತ್ತರ: ಬೇಡ. ಒಳಗೆ ಸುಮಾರು 230 ತಂತಿ, ಅವುಗಳ ಗೂಟ ಹಿಡಿದಿಟ್ಟುಕೊಂಡಿರೋದು ಮರ. ನಿಮ್ಮ ಕಡೆಯ ಬಿಸಿಲಿಗೆ ಮರ ಒಣಗುತ್ತದೆ, ಗೂಟ ಸಡಿಲವಾಗುತ್ತದೆ, ಶ್ರುತಿ ನಿಲ್ಲೋದಿಲ್ಲ. ಪ್ರತಿ ಸಲ ಟ್ಯೂನರ್‌ನನ್ನ ಬೆಂಗಳೂರಿಂದ ಕರೆಸಬೇಕು, ಹೋಗಿಬರೋ ಖರ್ಚು ನಿಮ್ಮದೇ. 88 ಮನೆ ಇರುವ, ಒತ್ತಿದರೆ ಭಾರ ಸಿಗುವ ಡಿಜಿಟಲ್ ಪಿಯಾನೊ ತೆಗೆದುಕೊಳ್ಳಿ. 61 ಮನೆಯದು ಸಾಲದು. ಟ್ಯಾಂಗೊದ ಎಡಗೈಗೆ ಅದರಲ್ಲಿ ಇಲ್ಲದ ಕೆಳಗಿನ ಮನೆಗಳೂ ಬೇಕು.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಈ ವಯಸ್ಸಿಗೆ ಪಿಯಾನೊ ಬರುತ್ತದಾ?
— ಹರಿಹರ

ಉತ್ತರ: ಟ್ಯಾಂಗೊ ಪಿಯಾನೊದ ದೊಡ್ಡವರಲ್ಲಿ ಒಬ್ಬರಾದ ಒರಾಸಿಯೊ ಸಲ್ಗಾನ್ 1916ರಲ್ಲಿ ಹುಟ್ಟಿ 2016ರಲ್ಲಿ ತೀರಿಕೊಂಡರು, ನೂರು ತುಂಬಿಸಿ. ಅವರು ಎಳವೆಯಲ್ಲೇ ಶುರು ಮಾಡಿದ್ದರು, ಅದು ಬೇರೆ ಮಾತು. ಬನ್ನಿ ಸರ್, ಬೆಳಗಿನ ಹೊತ್ತು ಖಾಲಿ ಇದೆ.

ಪ್ರಶ್ನೆ: ಪಿಯಾಜೊಲಾ ಅವರ ಒಂದು ಟ್ಯೂನನ್ನು ಕೀಬೋರ್ಡ್, ತಬಲಾಗೆ ಹೊಂದಿಸಿ ಯೂಟ್ಯೂಬ್‌ಗೆ ಹಾಕಬೇಕು ಅಂತಿದ್ದೇವೆ. ಹಳೇ ಸಂಗೀತ ಅಲ್ವಾ, ಯಾರು ಕೇಳುತ್ತಾರೆ?
— ಗೆಳೆಯರ ಬಳಗ, ವಿನೋಬನಗರ, ದಾವಣಗೆರೆ

ಉತ್ತರ: ಕೇಳುತ್ತಾರೆ. ಅವರು ತೀರಿಕೊಂಡದ್ದು 1992ರಲ್ಲಿ. ನಮ್ಮ ಕಾನೂನಿನಲ್ಲಿ ರಚನಕಾರ ಸತ್ತ ಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ. ಅಂದರೆ 2052 ಮುಗಿಯೋ ತನಕ. ಬಾಖ್, ಮೊಜಾರ್ಟ್ ಆದರೆ ಯಾರ ಅಪ್ಪಣೆಯೂ ಬೇಡ. ಇದಕ್ಕೆ ಬೇಕು, ತಬಲಾ ಸೇರಿಸಿದ ಮಾತ್ರಕ್ಕೆ ನಿಮ್ಮದಾಗೋದಿಲ್ಲ. ಯೂಟ್ಯೂಬ್ ಟ್ಯೂನ್ ಗುರುತು ಹಿಡಿದರೆ ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗಬಹುದು, ವಿಡಿಯೊ ತೆಗೆದುಹಾಕಲೂಬಹುದು.

ಅದರ ಬದಲು ಆ ನಡೆ ಇಟ್ಟುಕೊಂಡು ಸ್ವಂತ ಟ್ಯೂನ್ ಮಾಡಿ. ಮೂರು-ಮೂರು-ಎರಡಕ್ಕೆ ಯಾರ ಕಾಪಿರೈಟೂ ಇಲ್ಲ. ಮಾಡಿದ ಮೇಲೆ, ರಚನಕಾರರ ಪರವಾಗಿ ರಾಯಲ್ಟಿ ವಸೂಲು ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವಕ್ಕೆ ಅರ್ಜಿ ಹಾಕಿ. ನಾಳೆ ಯಾರಾದರೂ ಸಿನಿಮಾಕ್ಕೆ ಕೇಳಿದರೆ, ಕಾಪಿರೈಟ್ ಕಾನೂನಿನ 2012ರ ತಿದ್ದುಪಡಿ ನೆನಪಿರಲಿ. ಥಿಯೇಟರ್ ಆಚೆ ಆ ಸಂಗೀತ ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ನಿಮ್ಮ ಪಾಲನ್ನು ಒಪ್ಪಂದದಲ್ಲಿ ಬರೆಸಿಕೊಂಡು ಕಿತ್ತುಕೊಳ್ಳುವ ಹಾಗಿಲ್ಲ. ಹಾಂ, ತಂಡದಲ್ಲಿ ಯಾರದು ಎಷ್ಟು ಪಾಲು ಅನ್ನೋದನ್ನ ವಿಡಿಯೊ ಹಾಕುವ ಮೊದಲೇ ಒಂದು ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ತಬಲಾದವನ ಹೆಸರು ಮರೆಯಬೇಡಿ.